ಬಾಣಂತಿಗೆಂದು ತಂದ ಬ್ರಾಂದಿ

ನನ್ನ ಮೊಮ್ಮಗಳು ಹುಟ್ಟಿದ ದಿನ ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಕುಣಿದೆ ಎಂದು ನನ್ನ ತಮ್ಮ ಇವತ್ತಿಗೂ ಊರಿನವರ ಮುಂದೆ ಆಡಿಕೊಳ್ಳುತ್ತಾನೆ. ನಾನು ಕುಣಿಯಲಿಲ್ಲ. ಆಗತಾನೇ ನೆಲ ಒರೆಸಿದ್ದರು, ಕಾಲು ಜಾರಿತು, ಬೀಳದಿರಲೆಂದು ಎರಡೂ ಕೈ ಮೇಲೆತ್ತಿದೆ. ಆದರೆ ಕುಣಿದಿದ್ದರೂ ನಾಚಿಕೆಪಡುವಂಥದ್ದೇನೂ ಇರಲಿಲ್ಲ. ಮಗಳ ಮದುವೆಯಾಗಿ ವರ್ಷಗಳೇ ಕಳೆದಿದ್ದವು. ಕಂಡಕಂಡವರೆಲ್ಲ "ಏನಾದ್ರೂ ವಿಶೇಷವಾ" ಎಂದು ಕೇಳಿ ಕೇಳಿ, ಕೊನೆಗೆ ಕೇಳುವುದನ್ನೂ ಬಿಟ್ಟಿದ್ದರು. ಅಂಥ ಹೊತ್ತಿನಲ್ಲಿ ಹುಟ್ಟಿದ ಕೂಸು. ನರ್ಸಮ್ಮ ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಕೈಗಿಟ್ಟಾಗ ಅದು ಒಂದೇ ಕಣ್ಣು ಬಿಟ್ಟು ನನ್ನನ್ನು ನೋಡಿತು, ಇವಳು ಯಾವಳು ಎನ್ನುವ ಹಾಗೆ. ಆವತ್ತು ಆ ನೋಟಕ್ಕೆ ಸೋತವಳು ಇನ್ನೂ ಎದ್ದಿಲ್ಲ.

ಈ ಖುಷಿಯನ್ನೇ ಬರೆಯೋಣ ಎಂದು ಕೂತೆ. ಬರೆಯಲು ಕೂತರೆ ಖುಷಿಯ ಹಿಂದೆಯೇ ಪೊಲೀಸ್ ಜೀಪು ಬಂದು ನಿಲ್ಲುತ್ತದೆ. ಎರಡನ್ನೂ ಬೇರೆ ಮಾಡಲು ನನ್ನಿಂದಾಗುತ್ತಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತಿ ಮಗಳನ್ನು ಸಾಕಿದವಳು. ನೂಲು ಸಿಕ್ಕಾದರೆ ಬಿಡಿಸಲು ಗೊತ್ತು, ಬಿಡಿಸಲಾಗದಿದ್ದರೆ ಕತ್ತರಿಸಿ ಗಂಟು ಹಾಕಲೂ ಗೊತ್ತು. ಇದು ಎಲ್ಲಿ ಸಿಕ್ಕಾಗಿದೆ ಎಂಬುದೇ ಕಾಣುವುದಿಲ್ಲ.

ಬಾಣಂತನ ನಮ್ಮ ಮನೆಯಲ್ಲೇ ಆಯಿತು. ನನ್ನ ಯಜಮಾನರು ಮಗಳು ಚಿಕ್ಕವಳಿದ್ದಾಗಲೇ ತೀರಿಕೊಂಡವರು. ಮನೆಯಲ್ಲಿ ನಾನೊಬ್ಬಳೇ, ಗೋಡೆಗೆ ಗೋಡೆ ಹತ್ತಿಕೊಂಡು ತಮ್ಮನ ಮನೆ. ದಿನಾ ಬೆಳಿಗ್ಗೆ ಮಗಳಿಗೆ ಹರಳೆಣ್ಣೆ ಹಚ್ಚಿ, ಹಂಡೆ ಖಾಲಿಯಾಗುವವರೆಗೂ ಬಿಸಿನೀರು ಎರೆದು, ತಲೆಗೆ ಸಾಂಬ್ರಾಣಿ ಹೊಗೆ ಹಿಡಿದು ಮಲಗಿಸುತ್ತಿದ್ದೆ. ಎರೆದ ಮೇಲೆ ಬಾಣಂತಿಗೆ ಶೀತ ಕೂರಬಾರದಲ್ಲ, ಅದಕ್ಕೆ ಬಿಸಿನೀರಿಗೆ ಒಂದು ಚಮಚ ಬ್ರಾಂದಿ, ಒಂದು ಚಿಟಿಕೆ ಕಾಳುಮೆಣಸಿನ ಪುಡಿ. ನನ್ನ ಅವ್ವ ನನಗೆ ಕೊಟ್ಟಿದ್ದಳು, ಅವಳಿಗೆ ಅವಳವ್ವ. ನಮ್ಮ ಕಡೆ ಹೆಂಗಸರು ಜೀವಮಾನದಲ್ಲಿ ಸಾರಾಯಿ ಎಂಬುದನ್ನು ನಾಲಿಗೆಗೆ ಮುಟ್ಟಿಸುವುದಾದರೆ ಅದು ಬಾಣಂತನದಲ್ಲಿ ಮಾತ್ರ, ಅದಕ್ಕೆ ಸಾರಾಯಿ ಎಂಬ ಹೆಸರೂ ಇಲ್ಲ, ಔಷಧಿ ಅಷ್ಟೆ.

ಬಾಟಲಿ ತಂದುಕೊಟ್ಟವನು ತಮ್ಮ. "ಅಕ್ಕ, ಬಾಣಂತಿಗೆ ಅಂದ್ರೆ ಅಂಗಡಿಯೋನು ನಗ್ತಾನೆ ಕಣಕ್ಕ. ಗಡ್ಡ ಬಿಟ್ಟಿರೋರೆಲ್ಲ ಬಾಣಂತಿಗೆ ಅಂತ್ಲೇ ತಗೊಂಡು ಹೋಗ್ತಾರಂತೆ" ಎಂದ. ಮಗಳು ಒಂದು ದಿನ ಕುಡಿದು ಮುಖ ಹಿಂಡಿದಳು. "ಡಾಕ್ಟ್ರು ಬ್ಯಾಡ ಅಂದವ್ರೆ ಕಣವ್ವ. ಹಾಲು ಕುಡ್ಸೋಳು ನಾನು. ನಿನ್ ಮೊಮ್ಮಗಳಿಗೆ ಈಗ್ಲೇ ಕಲಿಸ್ತೀಯಾ?" ಎಂದು ಲೋಟ ತಳ್ಳಿದಳು. ಹಾಗಾಗಿ ಬಾಟಲಿ ಅಡುಗೆಮನೆಯಲ್ಲಿ ಹರಳೆಣ್ಣೆ ಶೀಸೆಯ ಪಕ್ಕ ತುಂಬಿದ ಹಾಗೇ ಕೂತಿತ್ತು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು, ಯಾಕೆಂದರೆ ಮುಂದೆ ಕೋರ್ಟಿನಲ್ಲಿ ಕೇಸು ಇದರ ಮೇಲೆಯೇ ನಿಂತಿತು. ನಮ್ಮಲ್ಲಿ ಅತ್ತೆಯಾದವಳು ಅಳಿಯನ ಎದುರು ಬಂದು ನಿಲ್ಲುವುದಿಲ್ಲ, ಮುಖ ನೋಡಿ ಮಾತಾಡುವುದಿಲ್ಲ, ಕೈಗೆ ಏನನ್ನೂ ಕೊಡುವುದಿಲ್ಲ. ಈಗಿನವರು ಇದನ್ನೆಲ್ಲ ಬಿಟ್ಟಿದ್ದಾರೆ. ಅಳಿಯನ ಸ್ಕೂಟರಿನ ಹಿಂದೆ ಕೂತು ಪೇಟೆಗೆ ಹೋಗುವ ಅತ್ತೆಯರನ್ನು ನಾನೇ ನೋಡಿದ್ದೇನೆ. ನನಗೆ ಮಾತ್ರ ಬರಲಿಲ್ಲ. ಕಾಫಿ ಆದರೆ ಲೋಟವನ್ನು ಬಾಗಿಲ ಪಕ್ಕ ನೆಲದ ಮೇಲಿಟ್ಟು ಒಳಗೆ ಸರಿದು, "ಕಾಫಿ ಇಟ್ಟಿದೀನಿ, ತಗೊಳ್ಳೋಕೆ ಹೇಳಮ್ಮ" ಎಂದು ಮಗಳಿಗೆ ಹೇಳುತ್ತಿದ್ದೆ. ಮಗಳು ಇಲ್ಲದಿದ್ದರೆ ಗೋಡೆಗೆ ಹೇಳುತ್ತಿದ್ದೆ. ಅಳಿಯಂದಿರೂ ಜಗಲಿಯ ಮೇಲೆ ಕೂತು "ಅತ್ತೆ ಊಟ ಮಾಡಿದ್ರಂತಾ?" ಎಂದು ಮಗಳನ್ನೇ ಕೇಳುತ್ತಿದ್ದರು. ನಾನು ಬಾಗಿಲ ಹಿಂದೆಯೇ ಇರುತ್ತಿದ್ದೆ. "ನಿಮ್ಮಿಬ್ರ ಮಧ್ಯ ನಾನೊಂದು ಮೊಬೈಲು" ಎಂದು ಮಗಳು ಬೈದುಕೊಳ್ಳುತ್ತಿದ್ದಳು.

ಅಳಿಯಂದಿರಿಗೆ ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಆವತ್ತು ಮೊದಲನೇ ಶಿಫ್ಟು ಮುಗಿಸಿ ಮಗು ನೋಡಲು ಬರುತ್ತೇನೆಂದು ಫೋನು ಮಾಡಿದ್ದರು. ಮಗುವಿಗೆ ತೊಟ್ಟಿಲು ಕೊಂಡು, ತಮ್ಮದೇ ಹಳೇ ಕಾರಿನ ಹಿಂದಿನ ಸೀಟು ಮಡಚಿ ಅದರಲ್ಲಿ ಏರಿಸಿದ್ದರಂತೆ. ತೊಟ್ಟಿಲು ಕೊಡಬೇಕಾದವರು ಹೆಣ್ಣಿನ ಕಡೆಯವರು, ಎಂದರೆ ನಾನು. "ನಮ್ ಮರ್ಯಾದೆ ಏನಾಗ್ಬೇಕು ಕೇಳಮ್ಮ ಅವರನ್ನ" ಎಂದೆ. ಮಗಳು ಕಿವಿಯಿಂದ ಫೋನು ತೆಗೆಯದೆ, "ಅಂಗಡಿ ಮುಂದೆ ನಿಂತ್ಕೊಂಡು ಅತ್ಬಿಟ್ರಂತೆ ಕಣವ್ವ. ಬಿಟ್ಬಿಡು ಪಾಪ" ಎಂದಳು. ಬಿಟ್ಟೆ. ಅಳುವಷ್ಟು ಖುಷಿಯಾದವನಿಗೆ ಮರ್ಯಾದೆಯ ಲೆಕ್ಕ ಏನು ಹೇಳುವುದು.

ಶಿಫ್ಟಿನ ಜೊತೆಗಾರರು ಸುಮ್ಮನೆ ಬಿಡಲಿಲ್ಲವಂತೆ. ಅಪ್ಪನಾದವನು ಪಾರ್ಟಿ ಕೊಡದೆ ಹೋಗುವ ಹಾಗಿಲ್ಲ ಎಂದು ರಸ್ತೆ ಬದಿಯ ಡಾಬಾಕ್ಕೆ ಎಳೆದುಕೊಂಡು ಹೋದರಂತೆ. ಇದು ನನಗೆ ಆಮೇಲೆ ತಿಳಿದದ್ದು.

ದೀಪ ಹಚ್ಚುವ ಹೊತ್ತಿಗೆ ಅಳಿಯಂದಿರು ನಡೆದುಕೊಂಡು ಬಂದರು. ಕಾರಿಲ್ಲ, ತೊಟ್ಟಿಲಿಲ್ಲ. ಅಂಗಿಯ ಮೇಲೆ ರಕ್ತ. ನಾಮಕರಣವಾಗಿರದ ಕಾರಣ ಮಗಳು ಒಳಕೋಣೆಯಿಂದ ಈಚೆ ಬರುತ್ತಿರಲಿಲ್ಲ. ನನ್ನ ತಮ್ಮ ಊರಲ್ಲಿರಲಿಲ್ಲ. ಜಗಲಿಯ ಮೇಲೆ ಕೂತವರು ನಡುಗುತ್ತಿದ್ದರು. ಹಲ್ಲು ಕಟಕಟ ಎನ್ನುವುದು ಬಾಗಿಲ ಹಿಂದಿದ್ದ ನನಗೆ ಕೇಳುತ್ತಿತ್ತು.

"ಒಬ್ರಿಗೆ ಗುದ್ಬಿಟ್ಟೆ ಅತ್ತೆ" ಎಂದರು. ಮದುವೆಯಾದ ಮೇಲೆ ನನಗೇ ಎಂದು ಆಡಿದ ಮೊದಲ ಮಾತು ಅದು. "ಮೊಪೆಡ್‌ನೋರು. ತಿರುವಲ್ಲಿ ಕಾಣ್ಲಿಲ್ಲ. ಆಟೋಗೆ ಎತ್ತಿ ಹಾಕಿದ್ವಿ. ನಾನೂ ಹತ್ತೋಕೆ ಹೋದೆ, ಅಲ್ಲಿದ್ದೋರು ಜನ ಸೇರಿದ್ರೆ ಹೊಡೆದು ಸಾಯಿಸ್ಬಿಡ್ತಾರೆ, ಓಡೋಗು ಅಂದ್ರು."

ನನಗೆ ಬೇರೇನೂ ತೋಚಲಿಲ್ಲ. ನಡುಗುವ ಮೈಗೆ ಬಿಸಿ ಬೀಳಬೇಕು ಎಂಬುದಷ್ಟೇ ಗೊತ್ತಿದ್ದದ್ದು. ಒಲೆಯ ಮೇಲೆ ಬಿಸಿನೀರಿತ್ತು. ದೊಡ್ಡ ಲೋಟಕ್ಕೆ ಬ್ರಾಂದಿ ಬಗ್ಗಿಸಿದೆ. ಬಾಣಂತಿಗೆ ಚಮಚ, ಗಂಡಸಿಗೆ ಎಷ್ಟು ಎಂದು ಯಾರನ್ನು ಕೇಳಲಿ? ಅರ್ಧ ಲೋಟದ ತನಕ ಬಗ್ಗಿಸಿ, ಮೇಲೆ ಬಿಸಿನೀರು ಹೊಯ್ದು, ಮೆಣಸಿನ ಪುಡಿ ಉದುರಿಸಿ, ಯಾವತ್ತಿನ ಹಾಗೆ ಬಾಗಿಲ ಪಕ್ಕ ನೆಲದ ಮೇಲಿಟ್ಟೆ. "ಬಿಸಿ ಇದೆ, ಕುಡೀಬೇಕಂತೆ" ಎಂದು ಗೋಡೆಗೆ ಹೇಳಿದೆ. ಒಳಗೆ ಮಗು ಅತ್ತಿತು. ಹೋದೆ.

ಮಗುವನ್ನು ಸಮಾಧಾನ ಮಾಡುತ್ತಿರುವಾಗಲೇ ಜೀಪಿನ ಸದ್ದಾಯಿತು. ಕಾರು ರಸ್ತೆಯಲ್ಲೇ ಇತ್ತಲ್ಲ, ಯಾರೋ ಇಂಥವರ ಮನೆಯ ಅಳಿಯ ಎಂದು ಹೇಳಿದ್ದರು. "ಏನಪ್ಪಾ, ಘಮ್ ಅಂತಿದೀಯ" ಎಂದು ಪೊಲೀಸಿನವರೊಬ್ಬರು ಹೇಳಿದ್ದು ಒಳಗೆ ಕೇಳಿಸಿತು. ಒಂದು ಚಿಕ್ಕ ಯಂತ್ರವನ್ನು ಬಾಯಿಗಿಟ್ಟು ಊದಿಸಿದರು. ಅದು ಕೂಗಿಕೊಂಡಿತು. ಆಸ್ಪತ್ರೆಗೆ ಕರೆದೊಯ್ದು ರಕ್ತವನ್ನೂ ತೆಗೆದರಂತೆ. ಜೀಪು ಹೋದ ಮೇಲೆ ಹೊರಗೆ ಬಂದು ನೋಡಿದರೆ ಅಳಿಯಂದಿರ ಚಪ್ಪಲಿ ಜಗಲಿಯ ಕೆಳಗೇ ಇದ್ದವು. ಲೋಟ ಬರಿದಾಗಿತ್ತು. ತಳದಲ್ಲಿ ಒದ್ದೆಯಾದ ಮೆಣಸಿನ ಪುಡಿ ಉಳಿದಿತ್ತು. ತೊಳೆದು ಬೋರಲು ಹಾಕಿದೆ.

ಆಟೋದಲ್ಲಿ ಹೋದವರು ಬೆಳಗಾಗುವುದರೊಳಗೆ ತೀರಿಕೊಂಡರು.

ಅವರು ಪಕ್ಕದ ಊರಿನವರೇ. ಮೊಪೆಡ್ಡಿಗೆ ಕ್ಯಾನು ಕಟ್ಟಿಕೊಂಡು ಹಾಲು ಹಾಕುತ್ತಿದ್ದವರು. ಮಾತಾಡಿಸಿದವಳಲ್ಲ, ಆದರೆ ಆ ಮೊಪೆಡ್ಡಿನ ಸದ್ದು ನನಗೆ ಗೊತ್ತಿತ್ತು. ಬೆಳಿಗ್ಗೆ ನೀರೊಲೆಗೆ ಬೆಂಕಿ ಹಾಕುವಾಗ ರಸ್ತೆಯಲ್ಲಿ ಹೋಗುತ್ತಿದ್ದ ಸದ್ದು. ಮಾರನೇ ದಿನ ಬೆಂಕಿ ಹಾಕಿ ಸುಮ್ಮನೆ ಕೂತೆ. ಒಳಗೆ ಕೂಸು ಆಕಳಿಸಿ, ಕೈ ಕಾಲು ಚಾಚಿ ಮೈ ಮುರಿಯಿತು. ನನಗೆ ನಗು ಬಂತು. ನಗು ಬಂದದ್ದಕ್ಕೆ ಹೆದರಿಕೆಯಾಯಿತು. ಆಮೇಲೆ ಎರಡು ವರ್ಷ ನಾನು ಹಾಗೆಯೇ ಬದುಕಿದೆ.

ನಾಮಕರಣದ ಹೊತ್ತಿಗೆ ಮಗುವಿನ ಅಪ್ಪ ಜೈಲಿನಲ್ಲಿದ್ದರು, ತೊಟ್ಟಿಲು ಪೊಲೀಸ್ ಠಾಣೆಯ ಹಿಂದೆ ಬಿಸಿಲಿನಲ್ಲಿ ಕಾರಿನೊಳಗಿತ್ತು. ಹಳೇ ಸೀರೆಯ ಜೋಲಿ ಕಟ್ಟಿ ಹೆಸರಿಟ್ಟೆವು. "ಕಾರಲ್ಲಿರೋ ತೊಟ್ಟಿಲಾದ್ರೂ ಕೊಡಿ ಅಂತ ಕೇಳ್ದೆ" ಎಂದ ತಮ್ಮ. "ಅದೂ ಕೇಸಲ್ಲಿದೆಯಂತೆ ಅಕ್ಕ."

ದೊಡ್ಡಬಳ್ಳಾಪುರದ ಲಾಯರ್ರ ಹತ್ತಿರ ನನ್ನನ್ನು ಕರೆದುಕೊಂಡು ಹೋದವನೂ ತಮ್ಮನೇ. ಲಾಯರ್ರು ವಯಸ್ಸಾದವರು. ಕಾನೂನು ಹೊಸದಾಗಿ ಬದಲಾಗಿತ್ತಂತೆ. ಒಂದು ಸೆಕ್ಷನ್ನಿನ ನಂಬರು ಹೇಳಿ, ತಲೆ ಕೊಡವಿ, "ಅಲ್ಲ, ಅದು ಹಳೇದು" ಎಂದು ಇನ್ನೊಂದು ಹೇಳುತ್ತಿದ್ದರು. ಅವರಿಗೇ ಹೀಗಾದರೆ ನನ್ನ ಗತಿ ಏನು ಎಂದುಕೊಂಡೆ. ಕೊನೆಗೆ ನಂಬರು ಬಿಟ್ಟು ಬಾಯಿಮಾತಿನಲ್ಲಿ ಹೇಳಿದರು.

"ನೋಡಮ್ಮ, ಇದರಲ್ಲಿ ಎರಡು ಥರ. ನೋಡ್ದೆ ಗುದ್ದಿದ ಅನ್ನೋದು ಒಂದು. ಕುಡಿದು ಓಡಿಸಿದ್ರೆ ಜೀವ ಹೋಗಬಹುದು ಅಂತ ಗೊತ್ತಿದ್ದೂ ಓಡಿಸಿದ ಅನ್ನೋದು ಇನ್ನೊಂದು. ಎರಡನೇದು ಹಾಕಿದಾರೆ. ಅದು ನಿಂತ್ರೆ ಹತ್ತು ವರ್ಷದ ತನಕ ಹೋಗಬಹುದು."

ಹತ್ತು ವರ್ಷ ಎಂದಾಗ ನನಗೆ ಕಂಡದ್ದು ಕೂಸು ಲಂಗ ಹಾಕಿಕೊಂಡು ಸ್ಕೂಲಿಗೆ ಹೋಗುವುದು, ಅಪ್ಪ ಯಾರು ಎಂದು ಕೇಳುವುದು.

"ರಕ್ತದಲ್ಲಿ ಸಿಕ್ಕಿದೆಯಲ್ಲ ಸ್ವಾಮಿ" ಎಂದ ತಮ್ಮ.

"ಸಿಕ್ಕಿದೆ. ಆದ್ರೆ ರಸ್ತೇಲಿ ಬರೋಕೆ ಮುಂಚೆ ಕುಡಿದದ್ದೋ, ಮನೆಗೆ ಬಂದ ಮೇಲೆ ಕುಡಿದದ್ದೋ ಅಂತ ರಕ್ತ ಹೇಳಲ್ಲ. ನಿಮ್ಮ ಅಕ್ಕ ಹೇಳ್ಬೇಕು." ನನ್ನ ಕಡೆ ತಿರುಗಿದರು. "ಬಾಟ್ಲಿ ಇದೆಯೇನಮ್ಮ? ಎಸೀಬೇಡಿ. ಅದರಲ್ಲಿ ಒಂದು ಹನೀನೂ ಮುಟ್ಟಬೇಡಿ."

ತಮ್ಮ ದಾರಿಯುದ್ದಕ್ಕೂ, "ಮುಟ್ಬೇಡಿ ಅಂದ್ರಲ್ಲ, ನನ್ನ ಮುಖ ನೋಡ್ಕೊಂಡು ಯಾಕಂದ್ರು?" ಎಂದು ಗೊಣಗಿದ. ಬಾಟಲಿ ನನ್ನ ಮದುವೆಯ ಸೀರೆಯ ಟ್ರಂಕಿಗೆ ಹೋಯಿತು.

ಜಾಮೀನು ಸಿಕ್ಕಿ ಅಳಿಯಂದಿರು ಬಂದರು. ಮೀಸೆ ಬೋಳಿಸಿಕೊಂಡಿದ್ದರು, ಮಗು ಗುರುತು ಹಿಡಿಯುವಷ್ಟು ನೋಡಿರಲೇ ಇಲ್ಲ, ಆದರೂ ಅತ್ತಿತು. ಆಮೇಲೆ ಅವರು ಗಾಡಿ ಮುಟ್ಟಲಿಲ್ಲ, ಫ್ಯಾಕ್ಟರಿಯ ಬಸ್ಸಿನಲ್ಲೇ ಓಡಾಟ. ನಮ್ಮ ಮನೆಗೆ ಬಂದರೆ ಆ ತಿರುವು ಸಿಗದ ಹಾಗೆ ಸುತ್ತು ಹಾಕಿಕೊಂಡು ನಡೆದು ಬರುತ್ತಿದ್ದರು. ನಾನು ಮತ್ತೆ ಕಾಫಿಯನ್ನು ಬಾಗಿಲ ಪಕ್ಕ ಇಡುತ್ತಿದ್ದೆ. ಕುಡಿದಿದ್ದಿರಾ, ಆವತ್ತು ಬರುವಾಗಲೇ ಕುಡಿದಿದ್ದಿರಾ ಎಂದು ಕೇಳಬೇಕು ಅನ್ನಿಸುತ್ತಿತ್ತು. ಅಳಿಯನಿಗೆ ಊಟಕ್ಕೆ ಏಳಿ ಎಂದು ನೇರ ಹೇಳಲು ಬಾರದವಳು ಇದನ್ನು ಹೇಗೆ ಕೇಳಲಿ? ಮಗಳ ಮೂಲಕ ಕೇಳಿಸುವ ಮಾತೂ ಅಲ್ಲ. ಅವಳು ಒಂದು ದಿನ ತಾನಾಗಿಯೇ, "ಕುಡಿದಿರ್ಲಿಲ್ಲ ಕಣವ್ವ, ನಂಗೊತ್ತು" ಎಂದಳು. ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ನನ್ನ ಸಾಕ್ಷಿಯ ದಿನ ಹತ್ತಿರ ಬಂದಾಗ ಲಾಯರ್ರು ಮತ್ತೆ ಕರೆಸಿ ಕೂರಿಸಿಕೊಂಡರು. ನಾನೇ ಕೈಯಾರೆ ಕೊಟ್ಟೆ, ಅವರು ಕುಡಿಯುವುದನ್ನು ಕಣ್ಣಾರೆ ನೋಡಿದೆ ಎಂದರೆ ಸಾಕು ಎಂದರು.

"ಕೈಗೆ ಕೊಡ್ಲಿಲ್ಲ ಸ್ವಾಮಿ. ಇಟ್ಟೆ."

"ಇಟ್ಟದ್ದೂ ಕೊಟ್ಟದ್ದೂ ಒಂದೇ ಅಲ್ವೇನಮ್ಮ?"

ನಾನು ಯೋಚಿಸಿದೆ. ನಮ್ಮ ಮನೆಯಲ್ಲಿ ಒಂದೇ ಅಲ್ಲ. ಆದರೆ ಅವರು ಓದಿದವರು, ಇರಬಹುದು ಎಂದು ತಲೆಯಾಡಿಸಿದೆ.

ಕೋರ್ಟಿನ ಹೊರಗೆ ಒಂದು ಬೆಂಚು. ಮಗು ನನ್ನ ಸೊಂಟದ ಮೇಲಿತ್ತು, ಮಗಳು ನೀರು ತರಲು ಹೋಗಿದ್ದಳು. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಿದ್ದ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಬರಿದಾದ ಹಣೆ.

"ನೀವೇ ತಾನೆ ಬ್ರಾಂದಿಯಮ್ಮ?" ಎಂದಳು.

ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಹೌದು ಎಂದೆ.

"ನಂಗೂ ಕೊಟ್ಟಿದ್ರು, ನಮ್ಮತ್ತೆ. ಮೂರು ಬಾಣಂತನದಲ್ಲೂ." ಸೆರಗು ಸರಿಮಾಡಿಕೊಂಡಳು. "ಹಾಲು ಹಾಕೋಕೆ ಈಗ ನಾನೇ ಹೋಗ್ತೀನಿ. ನಂಗೆ ಗಾಡಿ ಬರಲ್ಲ, ನಡ್ಕೊಂಡೇ ಹೋಗ್ಬೇಕು."

ಮಗು ಅಷ್ಟರಲ್ಲಿ ಅವಳ ಸೆರಗಿನ ತುದಿಯನ್ನು ಹಿಡಿದು ಎಳೆಯತೊಡಗಿತ್ತು. ನಾನು ಬಿಡಿಸಲು ಹೋದೆ.

"ಇರ್ಲಿ ಬಿಡಿ, ಕೊಡಿ ಇಲ್ಲಿ. ಅದೇನ್ ಮಾಡ್ತು?" ಎಂದು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡಳು. ಮಗು ಅವಳ ಬಾಯಿಗೆ ಬೆರಳು ಹಾಕಿ ಹಲ್ಲು ನೋಡಿತು. ಅವಳು ಮಗುವಿನ ತಲೆಯ ಮೇಲಿನಿಂದ, ನನ್ನ ಕಡೆ ನೋಡದೆ, ತಗ್ಗಿದ ದನಿಯಲ್ಲಿ ಹೇಳಿದಳು. "ಹಿಂದಿನ ಲೈಟು ಹೋಗಿತ್ತು ನಮ್ಮೆಜಮಾನ್ರ ಗಾಡೀದು. ಹಾಕ್ಸಿ ಹಾಕ್ಸಿ ಅಂತ ಹೇಳಿ ನನ್ ಬಾಯಿ ಬಿದ್ದೋಗಿತ್ತು. ನಾಳೆ ನಾಳೆ ಅಂತಿದ್ರು." ಆಮೇಲೆ ಮಗುವನ್ನು ನನಗೆ ಕೊಟ್ಟು, "ಇದನ್ನ ಒಳಗೆ ಹೇಳ್ಬೇಡಿ. ಯಾರಿಗಾದ್ರೂ ಹೇಳ್ಕೋಬೇಕಿತ್ತು, ನಿಮ್ಗೆ ಹೇಳ್ದೆ" ಎಂದಳು.

ಎಲ್ಲ ಬಿಟ್ಟು ನನಗೆ ಯಾಕೆ ಹೇಳಿದಳು? ಇದನ್ನು ಲಾಯರ್ರಿಗೆ ಹೇಳಿದರೆ ಅಳಿಯಂದಿರಿಗೆ ಅನುಕೂಲ ಎಂಬುದು ನನ್ನಂಥವಳಿಗೂ ಹೊಳೆಯುತ್ತದೆ. ಹೇಳಿದರೆ ಅವಳಿಗೆ ಬರುವ ಪರಿಹಾರಕ್ಕೆ ಕಲ್ಲು ಬೀಳಬಹುದು. ಮಗಳು ನೀರು ತಂದಳು. ಕುಡಿದೆ. ಹೇಳಬೇಕೋ ಬೇಡವೋ ಎನ್ನುವಷ್ಟರಲ್ಲಿ ಒಳಗಿನಿಂದ ನನ್ನ ಹೆಸರು ಕೂಗಿದರು.

ಜಡ್ಜು ಹೆಣ್ಣುಮಗಳು, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರಿರಬಹುದು. ನಮ್ಮ ಲಾಯರ್ರು ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಹೇಳುತ್ತಾ ಬಂದೆ. ಬಾಟಲಿ ತೋರಿಸಿದರು, ಇದೇ ಎಂದೆ. "ಬ್ರಾಂದಿ ಯಾರು ಕೊಟ್ಟರು?" ಎಂದರು. "ನಾನೇ" ಎಂದೆ. "ಅವರು ಕುಡಿದರಾ?" ಎಂದರು. "ಲೋಟ ಬರಿದಾಗಿತ್ತು" ಎಂದೆ. ಲಾಯರ್ರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಕೂತರು.

ಆಮೇಲೆ ಸರ್ಕಾರದ ಕಡೆಯ ವಕೀಲರು ಎದ್ದರು.

"ಕುಡಿದದ್ದನ್ನ ನೀವು ನೋಡಿದ್ರಾ?"

ಎದುರಿಗೆ ಅಳಿಯಂದಿರು ಕೈ ಕಟ್ಟಿಕೊಂಡು ನಿಂತಿದ್ದರು. ನೋಡಿದೆ ಎಂದು ಬಾಯಿಯ ತನಕ ಬಂತು. ಅದೇನೋ, ಆ ಲೋಟ ನೆಲದ ಮೇಲಿದ್ದದ್ದು ಕಣ್ಣಿಗೆ ಕಟ್ಟಿದಂತಾಗಿ, "ಇಲ್ಲ ಸ್ವಾಮಿ. ಬಾಗಿಲ ಹತ್ರ ಇಟ್ಟು ಒಳಕ್ಕೆ ಹೋದೆ" ಎಂದುಬಿಟ್ಟೆ.

"ಹಾಗಾದ್ರೆ ಕೈಗೂ ಕೊಡ್ಲಿಲ್ಲ, ಕುಡಿದದ್ದೂ ನೋಡ್ಲಿಲ್ಲ."

"ಇಲ್ಲ."

"ಅವರು ಮನೆಗೆ ಬಂದಾಗ್ಲೇ ಬಾಯಲ್ಲಿ ಮದ್ಯದ ವಾಸನೆ ಇತ್ತಾ?"

"ಅಳಿಯಂದಿರ ಬಾಯಿ ವಾಸನೆ ಬರೋವಷ್ಟು ಹತ್ರಕ್ಕೆ ಅತ್ತೆಯಾದೋಳು ಹೋಗ್ತಾಳಾ ಸ್ವಾಮಿ?"

ಹಿಂದೆ ಕೂತಿದ್ದವರು ನಕ್ಕರು. ವಕೀಲರು ನಗಲಿಲ್ಲ. "ಅಂದ್ರೆ ಇತ್ತೋ ಇಲ್ವೋ ನಿಮಗೆ ಗೊತ್ತಿಲ್ಲ."

"ಗೊತ್ತಿಲ್ಲ."

ನಮ್ಮ ಲಾಯರ್ರು ಹಣೆ ಒತ್ತಿಕೊಳ್ಳುತ್ತಿದ್ದರು. ಜಡ್ಜಮ್ಮನವರು ಬರೆಯುವುದನ್ನು ನಿಲ್ಲಿಸಿ, "ಕೈಗೆ ಯಾಕೆ ಕೊಡಲಿಲ್ಲಮ್ಮ?" ಎಂದು ಕೇಳಿದರು. ನಮ್ಮ ಪದ್ಧತಿ ಹೇಳಿದೆ. ಗೋಡೆಗೆ ಹೇಳುವುದನ್ನೂ ಹೇಳಿದೆ. "ಲೋಟ ಯಾವಾಗ ತೆಗೆದಿರಿ?" ಎಂದರು. ಜೀಪು ಹೋದ ಮೇಲೆ ಎಂದೆ. "ಅದರಲ್ಲಿ ಏನಿತ್ತು?" ಎಂದರು. "ತಳದಲ್ಲಿ ಮೆಣಸಿನ ಪುಡಿ ಇತ್ತು" ಎಂದೆ. ಅದನ್ನೂ ಬರೆಸಿದರು. ಮೊಪೆಡ್ಡಿನ ಲೈಟಿನ ಮಾತನ್ನು ಯಾರೂ ನನ್ನನ್ನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಹೊರಗೆ ಬಂದಾಗ ಲಾಯರ್ರು, "ಏನಮ್ಮ ಹಿಂಗ್ ಮಾಡ್ಬಿಟ್ರಿ" ಎಂದಷ್ಟೇ ಹೇಳಿ ನಡೆದರು. ಆವತ್ತು ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಮಗಳು ನನ್ನ ಜೊತೆ ಮಾತು ಬಿಟ್ಟಳು. ನಾನು ಮಗುವಿಗೆ ಅನ್ನ ಕಲಸಿ ತಿನ್ನಿಸುತ್ತಾ, ನಿನ್ನ ಅಪ್ಪನನ್ನು ನಾನೇ ಕಳೆದೆನೇನೋ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಅದು ಬಾಯಿ ತೆರೆದು ಮುಂದಿನ ತುತ್ತು ಕೇಳಿತು.

ಡಾಬಾಕ್ಕೆ ಹೋಗಿದ್ದ ಜೊತೆಗಾರರೂ ಬಂದು ಸಾಕ್ಷಿ ಹೇಳಿದರು. ಒಬ್ಬ, ಕುಡಿದದ್ದು ನಾವು, ಅವನು ತಂಪು ಪಾನೀಯ ಕುಡಿದ ಎಂದ. ಇನ್ನೊಬ್ಬ, ನೆನಪಿಲ್ಲ ಎಂದ. ಡಾಬಾದವನಿಗೆ ಯಾರ ಮುಖವೂ ನೆನಪಿರಲಿಲ್ಲ.

ತೀರ್ಪಿನ ದಿನ ನನಗೆ ಒಂದು ಮಾತೂ ಅರ್ಥವಾಗಲಿಲ್ಲ. ಓದಿದರು, ಓದಿದರು, ಎದ್ದು ಹೋದರು. ಮಗಳು ಅಳುತ್ತಿದ್ದಳು. ಯಾವ ಅಳು ಎಂದು ತಿಳಿಯದೆ ನಾನೂ ಅತ್ತೆ. ಲಾಯರ್ರು ಬಂದು ಬಿಡಿಸಿ ಹೇಳಿದರು. ಕುಡಿದು ಓಡಿಸಿದ ಎಂಬುದು ಸಾಬೀತಾಗಲಿಲ್ಲ, ದೊಡ್ಡ ಕೇಸು ಬಿದ್ದುಹೋಯಿತು. ಅಜಾಗರೂಕತೆ ಎಂಬುದು ನಿಂತಿತು. ಅದಕ್ಕೆ ಜೈಲಿನಲ್ಲಿ ಆಗಲೇ ಕಳೆದ ದಿನಗಳೇ ಶಿಕ್ಷೆ, ಮೇಲೆ ದಂಡ.

"ನಿಮ್ಮಿಂದ್ಲೇ ಆಯ್ತಮ್ಮ" ಎಂದರು ಲಾಯರ್ರು. "ಈ ಸಾಕ್ಷಿಗೆ ಸುಳ್ಳು ಹೇಳಬೇಕಿದ್ರೆ ಕುಡಿದದ್ದು ನೋಡಿದೆ ಅಂತಿದ್ರು, ನೋಡಿಲ್ಲ ಅಂದದ್ದರಿಂದ ಉಳಿದದ್ದೂ ನಂಬಬಹುದು ಅಂತ ಜಡ್ಜು ಬರೆದಿದಾರೆ. ನಾನು ಹೇಳ್ಕೊಟ್ಟ ಹಂಗೆ ಹೇಳಿದ್ರೆ ಮುಳುಗ್ತಿದ್ವಿ." ಹೇಳಿ ನಕ್ಕರು.

ನಾನು ನಗಬೇಕೋ ಬೇಡವೋ ತಿಳಿಯದೆ ಸುತ್ತ ನೋಡಿದೆ. ಬೆಂಚಿನ ಮೇಲೆ ಆ ಹೆಂಗಸು ಇರಲಿಲ್ಲ. ಹಾಲು ಕರೆಯುವ ಹೊತ್ತಾಗಿತ್ತು, ಬಸ್ಸು ಹಿಡಿದಿರಬೇಕು.

ಮನೆಗೆ ಬಂದೆವು. ತಮ್ಮ ಹೋಳಿಗೆ ತಂದಿದ್ದ. ಕಾರಿನ ಜೊತೆಗೆ ತೊಟ್ಟಿಲೂ ಮೊದಲೇ ಬಿಡುಗಡೆಯಾಗಿ ಬಂದಿತ್ತು, ಆದರೆ ಅಷ್ಟರಲ್ಲಿ ಮಗು ಅದರಲ್ಲಿ ಹಿಡಿಸದಷ್ಟು ಬೆಳೆದಿತ್ತು. ಈಗ ಅದು ಜಗಲಿಯ ಮೂಲೆಯಲ್ಲಿದೆ. ಮೊಮ್ಮಗಳು ಅದರಲ್ಲಿ ನನ್ನ ಚಪ್ಪಲಿಗಳನ್ನು ಮಲಗಿಸಿ ತೂಗುತ್ತಾಳೆ. ಆ ಸಂಜೆಯೂ ತೂಗುತ್ತಿದ್ದಳು, ಅಳಿಯಂದಿರು ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಅದನ್ನು ನೋಡಿ ನನ್ನ ಎದೆ ತುಂಬಿ ಬಂತು. ಇಷ್ಟೇ ತಾನೇ ನಾನು ಎರಡು ವರ್ಷ ಬೇಡಿಕೊಂಡದ್ದು? ಕಾಫಿ ಬಗ್ಗಿಸಿದೆ. ಬಾಗಿಲ ತನಕ ಬಂದೆ. ಬಗ್ಗಿ ಇಡಲು ಹೋದವಳು ಇಡಲಿಲ್ಲ. ಹೊಸ್ತಿಲು ದಾಟಿ ಹೋಗಿ ಎದುರಿಗೆ ನಿಂತೆ. ಅಳಿಯಂದಿರು ಗಾಬರಿಯಾಗಿ ಎದ್ದರು. ಲೋಟವನ್ನು ಅವರ ಕೈಗೆ ಕೊಟ್ಟೆ.

"ಆವತ್ತು ಬರುವಾಗ ಕುಡಿದಿದ್ರಾ?" ಎಂದು ಕೇಳಿದೆ.

ಲೋಟ ಬಿಸಿಯಿತ್ತು. ಅವರು ಕೈ ಬದಲಾಯಿಸಿಕೊಂಡರು. ಒಳಗೆ ಮಗಳು ಪಾತ್ರೆ ಇಡುವ ಸದ್ದು.

"ಒಂದು ಗ್ಲಾಸು ಬಿಯರು, ಅತ್ತೆ. ಮಗಳ ಹೆಸ್ರಲ್ಲಿ ಒಂದು ಅಂತ ಬಲವಂತ ಮಾಡಿದ್ರು, ನಂಗೂ ಖುಷಿಯಾಗಿತ್ತು, ಕುಡ್ದೆ. ಆಮೇಲೆ ನೀವು ಇಟ್ಟದ್ದೂ ಪೂರ್ತಿ ಕುಡ್ದೆ." ಲೋಟದ ಕಡೆ ನೋಡುತ್ತಾ, "ಅದ್ರಿಂದ್ಲೇ ಕಾಣ್ಲಿಲ್ವೋ, ಕುಡೀದೇ ಇದ್ರೂ ಕಾಣ್ತಿರ್ಲಿಲ್ವೋ ನಂಗೆ ಗೊತ್ತಿಲ್ಲ. ದಿನಾ ಕೇಳ್ಕೋತೀನಿ. ಗೊತ್ತಾಗಲ್ಲ" ಎಂದರು.

"ಲಾಯರ್ರಿಗೆ?"

"ಅವ್ರು ಮೊದಲ್ನೇ ದಿನಾನೇ ಅಂದ್ರು, ಅದನ್ನ ನಂಗೆ ಹೇಳ್ಬೇಡ ಅಂತ."

ನಾನು ಹೇಳಿದ್ದೆಲ್ಲ ನಿಜ. ಲೋಟ ಇಟ್ಟದ್ದು ನಿಜ, ಬರಿದಾದದ್ದು ನಿಜ. ಜಡ್ಜಮ್ಮನವರು ನಂಬಿದ್ದೂ ನಿಜವನ್ನೇ. ಆದರೆ ಎಲ್ಲ ನಿಜಗಳನ್ನೂ ಕೂಡಿಸಿದರೆ ಬಂದದ್ದು ಏನು? ಅಳಿಯಂದಿರ ಆ ಒಂದು ಗ್ಲಾಸು ಈಗ ನನ್ನಲ್ಲಿದೆ, ಆ ಹೆಂಗಸಿನ ಗಂಡನ ಹೋದ ಲೈಟೂ ನನ್ನಲ್ಲಿದೆ. ಕೇಸು ಮುಗಿದಿದೆ, ಕೇಳುವವರು ಯಾರೂ ಇಲ್ಲ.

"ಅವರ ಮನೆಗೆ ಹೋಗ್ಬೇಕು ಅತ್ತೆ" ಎಂದರು ಅಳಿಯಂದಿರು. "ಕೇಸು ನಡೀತಿರೋ ತನಕ ಹೋಗ್ಬಾರ್ದು ಅಂದಿದ್ರು."

"ನಾನೂ ಬರ್ತೀನಿ" ಎಂದೆ. ಗೋಡೆಗಲ್ಲ, ಅವರಿಗೇ ಹೇಳಿದೆ.

ಮಾರನೇ ದಿನ ಸಂಜೆ ಹೋದೆವು. ಈ ಸಲ ಅಳಿಯಂದಿರು ಸುತ್ತು ಹಾಕಲಿಲ್ಲ. ತಿರುವಿನಲ್ಲಿ ಒಂದು ಗಳಿಗೆ ನಿಂತರು, ಮಗು ಅವರ ಹೆಗಲ ಮೇಲಿಂದ "ಕೋಳಿ, ಕೋಳಿ" ಎಂದು ರಸ್ತೆ ತೋರಿಸಿತು. ನಡೆದೆವು. ಆ ಮನೆಯ ಅಂಗಳ ಸಗಣಿ ಸಾರಿಸಿ ಒಪ್ಪವಾಗಿತ್ತು. ಅವಳು ಕೊಟ್ಟಿಗೆಯಲ್ಲಿ ಹಸುವಿನ ಕೆಳಗೆ ಹಾಲು ಕರೆಯುತ್ತಾ ಕೂತಿದ್ದವಳು ನಮ್ಮನ್ನು ನೋಡಿದಳು.

"ಹಸು ಬೆದ್ರಿಕೊಳ್ಳುತ್ತೆ, ಮಗೂನ ಆಚೆ ಇರ್ಸಿ" ಎಂದಳು.

ಮಗುವನ್ನು ನಾನು ಎತ್ತಿಕೊಂಡು ಅಂಗಳದಲ್ಲೇ ನಿಂತೆ. ಅಳಿಯಂದಿರು ಕೊಟ್ಟಿಗೆಯ ಬಾಗಿಲ ತನಕ ಹೋಗಿ, ಚಪ್ಪಲಿ ಬಿಟ್ಟು, ಒಳಗೆ ಹೋದರು. ಅವರ ಬೆನ್ನಷ್ಟೇ ಕಾಣುತ್ತಿತ್ತು. ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಆ ಒಂದು ಗ್ಲಾಸಿನ ಮಾತು ಹೇಳಿದರೋ, ಕ್ಷಮಿಸಿ ಎಂದಷ್ಟೇ ಹೇಳಿದರೋ, ಅವಳು ಲೈಟಿನ ಮಾತು ಹೇಳಿದಳೋ, ಯಾವುದೂ ತಿಳಿಯಲಿಲ್ಲ. ಹತ್ತಿರ ಹೋಗಿ ಕೇಳಿಸಿಕೊಳ್ಳುವ ಮನಸ್ಸಾಗಲಿಲ್ಲ. ಮಗು ನನ್ನ ಕೆನ್ನೆ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಹಸುವಿನ ಹಾಗೆ ಅಂಬಾ ಎಂದಿತು.

ಹಾಲು ಪಾತ್ರೆಗೆ ಬೀಳುವ ಸದ್ದು ನಿಂತಿತು. ಬಹಳ ಹೊತ್ತು ನಿಂತೇ ಇತ್ತು. ಆಮೇಲೆ ಮತ್ತೆ ಶುರುವಾಯಿತು.